ಕಕ್ಕಡ ಪಾಯಸದ ಕಥೆ ಬರೆದಿದ್ದೇನೆ, ಮೂರನೇ ಪುಟಕ್ಕೇ ಮಕ್ಕಳು ಎದ್ದು ಹೋಗ್ತಾರೆ. ಎಲ್ಲಿ ತಪ್ಪಿದೆ?

ಪ್ರಶ್ನೆ
ನಾಪೋಕ್ಲು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ನಾಪೋಕ್ಲು ಹತ್ತಿರದ ಒಂದು ಅಂಗನವಾಡಿಯಲ್ಲಿ ಟೀಚರ್. 3ರಿಂದ 6 ವರ್ಷದ 14 ಮಕ್ಕಳಿದ್ದಾರೆ. ಕೆಲವರ ಮನೆಯಲ್ಲಿ ಕೊಡವ ತಕ್ಕ್, ಕೆಲವರದು ಅರೆಭಾಷೆ, ಇಬ್ಬರದು ಮಲಯಾಳ. ಲೈನ್ ಮನೆಗಳಿಂದ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಿಂದ ಬರುವವರು ತಮಿಳು, ಯರವ ಆಡುತ್ತಾರೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗಳೊಬ್ಬಳಿದ್ದಾಳೆ. ನಾನು ಕಥೆ ಹೇಳುವುದು ಕನ್ನಡದಲ್ಲಿ.

ನಮ್ಮಲ್ಲಿರುವ ಚಿತ್ರದ ಪುಸ್ತಕಗಳಲ್ಲಿ ಸಮುದ್ರ ಇದೆ, ರೈಲು ಇದೆ, ಮಾವಿನ ತೋಪಿದೆ. ನಮ್ಮ ಮಕ್ಕಳು ರೈಲು ನೋಡಿಲ್ಲ. ಕೊಡಗಿನಲ್ಲಿ ರೈಲೇ ಇಲ್ಲವಲ್ಲ. ಅವರು ನೋಡಿದ್ದು ಮಳೆ, ಜಿಗಣೆ, ಕಾಫಿ ಕಣ, ಹಲಸಿನ ಹಣ್ಣಿಗೆ ತೋಟಕ್ಕೆ ನುಗ್ಗುವ ಆನೆ. ಅದಕ್ಕೇ ನಾನೇ ಒಂದು ಕಥೆ ಬರೆಯೋಣ ಅಂತ ಕೂತೆ. ವಿಷಯ ಮದ್ದುಸೊಪ್ಪಿನ ಪಾಯಸ.

ಹೊರಗಿನವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಕಕ್ಕಡ ಅಂದರೆ ಆಟಿ ತಿಂಗಳು. ಅದರ 18ನೇ ದಿನ, ಸಾಮಾನ್ಯವಾಗಿ ಆಗಸ್ಟ್ 3ಕ್ಕೆ, ಮದ್ದುಸೊಪ್ಪು ತಂದು ಬೇಯಿಸುತ್ತೇವೆ. ಆ ನೀರಿಗೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಅವತ್ತು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಕೂಡಿರುತ್ತದೆ ಅಂತ ಹಿರಿಯರ ನಂಬಿಕೆ. ಸೊಪ್ಪು ಹಸಿರು, ಬೆಂದ ನೀರು ಮಾತ್ರ ಕಡು ನೇರಳೆ. ತಿಂದ ಮೇಲೆ ಒಂದಕ್ಕೆ ಹೋದರೆ ಅದೂ ಕೆಂಪು! ಒಂದು ಸಲ ಪಾಯಸದ ಮಾರನೇ ದಿನ ನಮ್ಮ ಹುಡುಗನೊಬ್ಬ ಬಚ್ಚಲಿನಿಂದಲೇ ಕೂಗಿದ, ‘ಟೀಚರ್, ನಂದು ಕೆಂಪು!’ ಉಳಿದವರೆಲ್ಲ ತಮ್ಮ ತಮ್ಮದು ನೋಡಿಕೊಳ್ಳಲು ಓಡಿದರು. ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಗುತ್ತದೆ ಹೇಳಿ.

ಆದರೆ ಬರೆದದ್ದು ಓದಿದರೆ ಮಕ್ಕಳು ಕೂರುವುದಿಲ್ಲ. ಸುಮಾರು 900 ಪದ, 20 ಪುಟ. ಮೊದಲ ಪುಟ ಹೀಗಿದೆ:

‘ಹಸಿರು ಬೆಟ್ಟಗಳ ನಡುವೆ ಒಂದು ಸುಂದರವಾದ ಹೆಂಚಿನ ಮನೆ ಇತ್ತು. ಆ ಮನೆಯ ಮುಂದೆ ಪುಟ್ಟಿ ಎಂಬ ಹುಡುಗಿ ಕೆಂಪು ಕೊಡೆ ಹಿಡಿದುಕೊಂಡು ತಾಯಿಗಾಗಿ ಕಾಯುತ್ತಾ ನಿಂತಿದ್ದಳು.’

ನಡುವೆ ಒಂದು ಪದ್ಯ:

ಮಳೆಯು ಬಂದಿತು ಕಕ್ಕಡ ಮಾಸದಿ
ಮದ್ದಿನ ಸೊಪ್ಪನು ತಂದಳು ಅಜ್ಜಿಯು
ಪಾಯಸ ಮಾಡಿ ಎಲ್ಲರಿಗೂ ಕೊಟ್ಟಳು
ಬಣ್ಣವ ನೋಡಿ ಎಲ್ಲರು ನಕ್ಕರು

ಇನ್ನೊಂದು ತೊಡಕೂ ಆಯಿತು. ಕೊಡವ ಮನೆಗಳಲ್ಲಿ ತಾಯಿ ಅಂದರೆ ಅಜ್ಜಿ, ಅಮ್ಮನಿಗೆ ಅವ್ವ. ‘ತಾಯಿ ಓಡಿ ಬಂದಳು’ ಅಂತ ನಾನು ಓದಿದ ಕೂಡಲೇ ಒಬ್ಬಳು, ‘ನಮ್ಮ ತಾಯಿಗೆ ಓಡೋಕೆ ಆಗಲ್ಲ, ಮಂಡಿ ನೋವು’ ಅಂದಳು. ಪಕ್ಕದವನು, ‘ನಮ್ಮಮ್ಮ ಓಡ್ತಾರೆ’ ಅಂದ. ಕಥೆ ಅಲ್ಲೇ ನಿಂತಿತು.

ಎಲ್ಲಿ ತಪ್ಪಿದೆ ಅಂತ ಬಿಚ್ಚಿ ಹೇಳಿ. ಬೇಜಾರು ಮಾಡಿಕೊಳ್ಳಲ್ಲ.

ಉತ್ತರ 1
ಕುಶಾಲನಗರದ ಅಪ್ಪ:

ಟೀಚರ್, 900 ಪದ ಜಾಸ್ತಿ ಆಯ್ತು. ನಾನು ಬರೆಯುವವನಲ್ಲ, ರಾತ್ರಿ ಮಗಳಿಗೆ ಓದಿ ಹೇಳುವವನು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅಂತ ಒಂದು ತಾಣ ಇದೆ. ಅಲ್ಲಿ ಕನ್ನಡದ ಚಿತ್ರಕಥೆಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ಮಾಡಬಹುದು. ಅವರ ಮೊದಲ ಹಂತದ ಕಥೆಗಳಲ್ಲಿ 250 ಪದದೊಳಗೇ ಎಲ್ಲ ಮುಗಿಯುತ್ತದೆ. ನಿಮ್ಮ ಮಕ್ಕಳಿಗೆ ಅದರ ಅರ್ಧವೂ ಸಾಕು ಅನಿಸುತ್ತದೆ.

ಇನ್ನೊಂದು ಮಾತು. ಆ ಒಂದಕ್ಕೆ ಹೋಗುವ ವಿಷಯ ಪುಸ್ತಕದಲ್ಲಿ ಬೇಡ. ಪಾಯಸ ಕುಡಿದು ಎಲ್ಲರ ನಾಲಿಗೆ ನೇರಳೆ ಆಯ್ತು ಅಂತ ಮುಗಿಸಿ. ಮನೆಯವರು ಏನಾದರೂ ಅಂದರೆ ಅನ್ನಿಸಿಕೊಳ್ಳುವವರು ನೀವು.

ಉತ್ತರ 2
ಶನಿವಾರಸಂತೆ ಅಜ್ಜಿ:

ಟೀಚರಮ್ಮಾ, ನಾನು 31 ವರ್ಷ ಒಂದನೇ ಕ್ಲಾಸಿಗೇ ಪಾಠ ಮಾಡಿದವಳು. ಮೊದಲು ಪದ್ಯಕ್ಕೆ ಬರುತ್ತೇನೆ, ನನಗೆ ಜೀವ ಇರುವುದು ಅಲ್ಲೇ.

ನಿಮ್ಮ ಪದ್ಯವನ್ನು ಚಪ್ಪಾಳೆ ತಟ್ಟಿ ಹೇಳಿ ನೋಡಿ. ಹ್ರಸ್ವ ಅಕ್ಷರಕ್ಕೆ 1 ಮಾತ್ರೆ, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ 2. ಇಷ್ಟು ನೆನಪಿದ್ದರೆ ಆಯಿತು. ‘ಬಂದಿತು’ 4, ‘ಕಕ್ಕಡ’ 4, ‘ಮಾಸದಿ’ 4. ಆದರೆ ಶುರುವಿನ ‘ಮಳೆಯು’ ಬರೀ 3! ಮೊದಲ ಹೆಜ್ಜೆಗೇ ಕಾಲು ಉಳುಕಿದ ಹಾಗೆ. ಎರಡನೇ ಸಾಲು ಪೂರ್ತಿ ನಾಲ್ಕು ನಾಲ್ಕಾಗಿ ಚೆನ್ನಾಗಿ ನಡೆಯುತ್ತದೆ, ನಿಮ್ಮ ಕಿವಿ ಸರಿಯಾಗೇ ಇದೆ. ಮೂರನೆಯದರಲ್ಲಿ ‘ಮಾಡಿ’ 3, ‘ಎಲ್ಲರಿಗೂ’ 6. ಅಲ್ಲಿ ಮಗುವಿನ ಕೈ ಯಾವಾಗ ತಟ್ಟಬೇಕು ಗೊತ್ತಾಗದೆ ನಿಂತುಬಿಡುತ್ತದೆ. ಕೈ ನಿಂತರೆ ಮಗು ಎದ್ದು ಹೋಗುತ್ತದೆ.

ಆಮೇಲೆ ‘ಮಾಸದಿ’, ‘ಬಣ್ಣವ’, ‘ಸೊಪ್ಪನು’. ಇವನ್ನು ನೀವು ಮನೆಯಲ್ಲಿ ಆಡುತ್ತೀರಾ? ಪದ್ಯ ಬರೆಯಲು ಕೂತ ಕೂಡಲೇ ನಮ್ಮ ಕೈಗೆ ಹಳೇ ಪಠ್ಯಪುಸ್ತಕದ ಮಾತು ಬಂದುಬಿಡುತ್ತದೆ. ನನಗೂ ಎಷ್ಟೋ ವರ್ಷ ಹಾಗೇ ಬರುತ್ತಿತ್ತು. ಒಲೆ ಮುಂದೆ ನಿಂತು ಹೇಳುವ ಮಾತಿನಲ್ಲಿ ಬರೆಯಿರಿ. ಮತ್ತೆ ನಿಮ್ಮಲ್ಲಿ ಅಷ್ಟೊಂದು ಭಾಷೆ ಇದೆಯಲ್ಲ, ಅದಕ್ಕೆ ಸದ್ದಿನ ಮಾತು ಹಾಕಿ. ಮಳೆ ಧೋ ಧೋ ಅಂದರೆ ಯಾವ ಮನೆಯ ಮಗುವಿಗೂ ಅರ್ಥ ಹೇಳಿಕೊಡಬೇಕಿಲ್ಲ.

ನಿಮ್ಮ ಪದ್ಯವನ್ನೇ ಇಟ್ಟುಕೊಂಡು ಬೆಳಿಗ್ಗೆ ಕಾಫಿ ಕುಡಿಯುತ್ತಾ ತಟ್ಟಿ ನೋಡಿದೆ. ಹೀಗೆ ಬಂತು:

ಧೋಧೋ ಧೋಧೋ ಕಕ್ಕಡ ಮಳೆ
ಅಜ್ಜಿಯ ಬುಟ್ಟಿಲಿ ಮದ್ದಿನ ಎಲೆ
ಬಿಳಿ ಬಿಳಿ ಅಕ್ಕಿಗೆ ಏನೇನಾಯ್ತು?
ನೇರಳೆ ನೇರಳೆ ನೇರಳೆಯಾಯ್ತು!

‘ಮಳೆ’, ‘ಎಲೆ’ ಆದ ಮೇಲೆ ಒಂದು ಉಸಿರು ಬಿಡಿ, ಅಲ್ಲಿ ಎರಡು ಮಾತ್ರೆ ಖಾಲಿ ಇದೆ. ಮಕ್ಕಳು ಅದನ್ನು ತಾವೇ ಒಂದು ಚಪ್ಪಾಳೆಯಿಂದ ತುಂಬುತ್ತಾರೆ, ನೋಡಿ ಬೇಕಾದರೆ. ಇಷ್ಟವಾದರೆ ಇಟ್ಟುಕೊಳ್ಳಿ, ಬದಲಾಯಿಸಿ, ನಿಮ್ಮದೇ.

ಮೂರನೇ ಸಾಲು ಬಲಗಡೆ ಪುಟದಲ್ಲಿ ಬರಲಿ. ನಾಲ್ಕನೆಯದು ಮಗುಚಿದ ಮೇಲೆ. ‘ಏನೇನಾಯ್ತು?’ ಅಂದು ಪುಟದ ಮೂಲೆ ಹಿಡಿದು ಸುಮ್ನೆ ಇರಿ. ಅವರೇ ಕೂಗಲಿ. ಪ್ರಶ್ನೆ ಮತ್ತು ಉತ್ತರ ಎರಡೂ ಎದುರುಬದುರು ಪುಟದಲ್ಲಿದ್ದರೆ ಮಗುವಿನ ಕಣ್ಣು ಮೊದಲೇ ಉತ್ತರ ನೋಡಿಬಿಟ್ಟಿರುತ್ತದೆ.

ಕುಶಾಲನಗರದವರ ಮಾತು ನಾನು ಒಪ್ಪಲಾರೆ. ಇಡೀ ಕಥೆ ಇರುವುದೇ ಆ ಬೆಳಿಗ್ಗೆಯಲ್ಲಿ. ನಾಲಿಗೆ ನೇರಳೆ ಮಾಡಲು ನೇರಳೆ ಹಣ್ಣು ಸಾಕು, ಮದ್ದುಸೊಪ್ಪು ಯಾಕೆ ಬೇಕು?

ಉತ್ತರ 3
ನಾಪೋಕ್ಲು ಟೀಚರ್:

ಅಜ್ಜೀ, ಓದುತ್ತಾ ಓದುತ್ತಾ ನನ್ನ ಕೈ ತಾನಾಗೇ ತಟ್ಟತೊಡಗಿತು. ‘ಮಳೆಯು’ ಹತ್ತಿರ ನಾನೇ ಪ್ರತಿ ಸಲ ಎಳೆದು ‘ಮಳೆಯೂ’ ಅನ್ನುತ್ತಿದ್ದೆ. ಯಾಕೆ ಅಂತ ಈಗ ಗೊತ್ತಾಯಿತು.

ಕುಶಾಲನಗರದ ಸಾರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಒಂದು ವಿಷಯ ನಾನು ಮೊದಲು ಬರೆದಿರಲಿಲ್ಲ. ಕಳೆದ ಆಗಸ್ಟಿನಲ್ಲಿ ಆ ಅಸ್ಸಾಮಿನ ಹುಡುಗಿ ಹೊಸದಾಗಿ ಸೇರಿದ್ದಳು. ಮಗುವೊಂದರ ಮನೆಯಿಂದ ಪಾಯಸ ಬಂದಿತ್ತು, ಎರಡು ಲೋಟ ಕುಡಿದಳು. ಮಾರನೇ ದಿನ ಬೆಳಿಗ್ಗೆ ಅವಳ ಅಮ್ಮ ಎತ್ತಿಕೊಂಡು ಓಡಿ ಬಂದರು. ರಕ್ತ ಅಂದುಕೊಂಡಿದ್ದರು. ಮಗು ಹೆದರಿ ಬಿಕ್ಕುತ್ತಿತ್ತು. ನನಗೆ ಅವರ ಭಾಷೆ ಬಾರದು. ಪಾತ್ರೆ ತೋರಿಸಿದೆ, ಸೊಪ್ಪು ತೋರಿಸಿದೆ, ಕೊನೆಗೆ ಸೊಪ್ಪು ಕುದಿಸಿ ನೀರಿನ ಬಣ್ಣವನ್ನೇ ತೋರಿಸಿದೆ. ಆಮೇಲೆ ಅವರ ಮುಖ ಸಡಿಲವಾಯಿತು. ಮೊದಲೇ ಹೇಳದೆ ಕೊಟ್ಟದ್ದು ನನ್ನ ತಪ್ಪು. ಆ ಪುಸ್ತಕ ಅವತ್ತು ಇದ್ದಿದ್ದರೆ ಅಂತ ಈಗಲೂ ಅನಿಸುತ್ತದೆ. ಹಾಗಾಗಿ ಆ ಬೆಳಿಗ್ಗೆ ಪುಸ್ತಕದಲ್ಲಿ ಇರಲೇಬೇಕು ಸಾರ್. ಹೇಗೆ ತೋರಿಸುವುದು ಅನ್ನುವುದಷ್ಟೇ ಗೊತ್ತಾಗುತ್ತಿಲ್ಲ.

ಉತ್ತರ 4
ಗೋಣಿಕೊಪ್ಪದ ಚಿತ್ರಗಾರ:

ಟೀಚರ್, ಚಿತ್ರ ಬಿಡಿಸುವವನ ಕಡೆಯಿಂದ ಹೇಳುತ್ತೇನೆ. ನಿಮ್ಮ ಮೊದಲ ಪುಟದಲ್ಲಿ ಬೆಟ್ಟ, ಹೆಂಚಿನ ಮನೆ, ಹುಡುಗಿ, ಕೆಂಪು ಕೊಡೆ ಇವೆ. ಇದಷ್ಟೂ ನಾನು ಬಿಡಿಸುವ ಚಿತ್ರ. ಅದನ್ನೇ ನೀವು ಓದಿದರೆ ಮಗು ಈಗಾಗಲೇ ನೋಡಿದ್ದನ್ನು ಮತ್ತೆ ಕೇಳುತ್ತಾ ಕೂರಬೇಕು. ಚಿತ್ರದಲ್ಲಿ ಕಾಣದೇ ಇರುವುದು ಏನು? ಅವಳು ಯಾರಿಗೋ ಕಾಯುತ್ತಿದ್ದಾಳೆ. ಹಾಗಾದರೆ ಆ ಪುಟಕ್ಕೆ ಎರಡೇ ಪದ: ‘ಅಜ್ಜಿ ಎಲ್ಲಿ?’ ದೂರದಲ್ಲಿ, ಏಲಕ್ಕಿ ಗಿಡಗಳ ಮಧ್ಯೆ, ಅಜ್ಜಿಯ ಬುಟ್ಟಿಯ ಅಂಚು ಮಾತ್ರ ಕಾಣುವ ಹಾಗೆ ನಾನು ಬಿಡಿಸುತ್ತೇನೆ. 14 ಬೆರಳು ಪುಟದ ಮೇಲೆ ಬಂದು ಬೀಳುತ್ತವೆ.

ತಾಯಿ-ಅಜ್ಜಿ ತೊಡಕಿಗೂ ಚಿತ್ರವೇ ಮದ್ದು. ಬರಹದಲ್ಲಿ ಅಜ್ಜಿ ಅಂತಿರಲಿ. ಬಿಳಿ ಕೂದಲು, ತಲೆಗೆ ಹಿಂದಕ್ಕೆ ಕಟ್ಟಿದ ವಸ್ತ್ರ ನೋಡಿ ಕೊಡವ ಮಕ್ಕಳು ತಾವೇ ತಾಯಿ ಅಂತಾರೆ. ಅಂದುಕೊಳ್ಳಲಿ ಬಿಡಿ, ನೀವೂ ಹಾಗೇ ಓದಿ.

ಈಗ ಆ ಬೆಳಿಗ್ಗೆ. ಮುಚ್ಚಿದ ಬಚ್ಚಲ ಬಾಗಿಲು. ಕೆಳಗಿನ ಸಂದಿಯಲ್ಲಿ ಪುಟ್ಟಿಯ ಎರಡು ಪಾದ. ಬಾಗಿಲ ಮೇಲಿಂದ ಒಂದೇ ಕೂಗು, ‘ಅಜ್ಜೀ... ಕೆಂಪು!’ ಬೇರೇನೂ ಬರೆಯಬೇಡಿ. ಏನು ಕೆಂಪು ಅಂತ ಮಕ್ಕಳಿಗೆ ಗೊತ್ತು. ಬೈಯುವವರಿಗೆ ಪುಟದಲ್ಲಿ ಏನೂ ಸಿಗುವುದಿಲ್ಲ. ಮಗುಚಿದರೆ ಅಜ್ಜಿ, ಅಪ್ಪ, ಪಕ್ಕದ ಮನೆಯ ಹುಡುಗ, ಎಲ್ಲರೂ ಸಾಲಾಗಿ ನಿಂತು ನಗುತ್ತಿದ್ದಾರೆ. ಒಬ್ಬೊಬ್ಬರ ಬಾಯಲ್ಲೂ ಒಂದೇ ಮಾತು, ‘ನಂದೂ!’ ಹೆದರಿದ ಮಗುವಿಗೆ ಅದು ಸಾಕು ಅಲ್ವಾ?

ಅಳತೆ ಬಗ್ಗೆ ಒಂದು ಮಾತು. ಎ4 ಹಾಳೆ ನಾಲ್ಕು ತಗೊಂಡು ಮಧ್ಯಕ್ಕೆ ಮಡಚಿ, ಬೆನ್ನಿಗೆ ಪಿನ್ ಹೊಡೆದರೆ 16 ಪುಟ. ಒಂದು ಮುಂದಿನ ರಟ್ಟು, ಒಂದು ಹಿಂದಿನದು, ನಡುವೆ 7 ಜೋಡಿ ಪುಟ. ಈ ಕಥೆಗೆ 7 ಜೋಡಿ ಸರಿಯಾಗಿ ಸಾಕು. ಎಲ್ಲರೂ ಸುತ್ತ ಕೂತು ನೋಡಲು ದೊಡ್ಡದು ಬೇಕಾದರೆ ಹಳೇ ಕ್ಯಾಲೆಂಡರಿನ ಹಿಂಭಾಗ ಬಳಸಿ, ಕಾಗದ ದಪ್ಪ ಇರುತ್ತದೆ. ಸ್ಕೆಚ್ ಪೆನ್ ಬೇಡ. ನಮ್ಮ ಮಳೆಗಾಲದ ಥಂಡಿಗೆ, ಮಕ್ಕಳ ಒದ್ದೆ ಕೈಗೆ ಬಣ್ಣ ಹರಡಿಬಿಡುತ್ತದೆ. ಎಣ್ಣೆ ಬಳಪ ತಗೊಳ್ಳಿ.

ಪ್ರತಿ ಪುಟದಲ್ಲೂ ಒಂದು ಬೆಕ್ಕು ಇರಲಿ. ಕಥೆಯಲ್ಲಿ ಅದರ ಹೆಸರೇ ಎತ್ತಬೇಡಿ. ಕೊನೆಯಲ್ಲಿ ಅದರ ನಾಲ್ಕೂ ಪಾದ ನೇರಳೆ.

ಉತ್ತರ 5
ಕುಶಾಲನಗರದ ಅಪ್ಪ:

ಆ ಅಮ್ಮ ಮಗುವನ್ನು ಎತ್ತಿಕೊಂಡು ಓಡಿ ಬಂದದ್ದು ಓದಿ ನನ್ನ ಮಾತು ಹಿಂದೆ ತಗೊಂಡೆ ಟೀಚರ್. ಬಾಗಿಲ ಚಿತ್ರ ಸರಿಯಾಗಿದೆ. ಪುಸ್ತಕ ಆದ ಮೇಲೆ ನನಗೊಂದು ಪ್ರತಿ ಬೇಕು. ನನ್ನ ಮಗಳಿಗೆ ಮದ್ದುಪಾಯಸ ಅಂದರೇನು ಅಂತಲೇ ಗೊತ್ತಿಲ್ಲ.

ಉತ್ತರ 6
ನಾಪೋಕ್ಲು ಟೀಚರ್:

ಎರಡು ವಾರ ಆಯಿತು. ಚಿತ್ರಗಾರರು ಪೆನ್ಸಿಲಿನಲ್ಲಿ ಬಿಡಿಸಿ ಕಳಿಸಿದ್ದಾರೆ, ಬಣ್ಣ ಇನ್ನೂ ಹಾಕಿಲ್ಲ. ತಡೆಯಲಾಗದೆ ನಿನ್ನೆ ಕ್ಯಾಲೆಂಡರ್ ಹಾಳೆಗೆ ಅಂಟಿಸಿ ಓದಿದೆ. ಎಣಿಸಿದರೆ ಈಗ ಒಟ್ಟು 58 ಪದ.

‘ಏನೇನಾಯ್ತು?’ ಅಂದು ಅಜ್ಜಿ ಹೇಳಿದ ಹಾಗೆ ಪುಟದ ಮೂಲೆ ಹಿಡಿದು ನಿಂತೆ. ಒಬ್ಬ ‘ಕಪ್ಪು’ ಅಂದ, ಒಬ್ಬಳು ‘ಆನೆ ತಿಂತು’ ಅಂದಳು. ಆನೆ ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ಆ ಒಂದು ಮಾತು ಎಲ್ಲರಿಗೂ ಅರ್ಥವಾಯಿತು. ಕೊಡವದಲ್ಲೂ ಆನೆ, ಮಲಯಾಳದಲ್ಲೂ ಆನ. ಅಸ್ಸಾಮಿನ ಹುಡುಗಿಗೆ ಮಾತ್ರ ಸೊಂಡಿಲು ಮಾಡಿ ತೋರಿಸಿದೆ. ‘ಹಾತಿ!’ ಅಂದಳು. ‘ಮಳೆ’, ‘ಎಲೆ’ ಆದ ಮೇಲಿನ ಚಪ್ಪಾಳೆ ನಾನು ಹೇಳಿಕೊಡಲಿಲ್ಲ ಅಜ್ಜೀ. ತಾವೇ ತಟ್ಟಿದರು.

ಬಚ್ಚಲ ಬಾಗಿಲ ಪುಟಕ್ಕೆ ಬಂದಾಗ ಅವಳನ್ನೇ ನೋಡುತ್ತಿದ್ದೆ. ಆ ಎರಡು ಪಾದದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಮಗುಚಿದೆ. ನಾನು ಬಾಯಿ ತೆರೆಯುವ ಮೊದಲೇ ಹುಡುಗರು ‘ನಂದೂ! ನಂದೂ!’ ಅಂತ ಎದ್ದು ಕುಣಿದರು. ಎರಡನೇ ಸಲ ಓದಿದಾಗ ಅವಳೂ ಅಂದಳು, ಮೆಲ್ಲಗೆ. ಮೂರನೇ ಸಲ ಜೋರಾಗಿ.

ಚಿತ್ರಗಾರರೇ, ಬೆಕ್ಕಿನ ವಿಷಯದಲ್ಲಿ ಒಂದು ದೂರು ಬಂದಿದೆ. ಐದನೇ ಜೋಡಿ ಪುಟದಲ್ಲಿ ಅದು ಇಲ್ಲವಂತೆ. ಒಬ್ಬ ಪೂಚೆ ಎಲ್ಲಿ ಅಂದ, ಇನ್ನೊಬ್ಬಳು ಬೆಕ್ಕು ಎಲ್ಲಿ ಅಂದಳು. ಮೂವರು ಹಾಳೆ ಮಗುಚಿ ಹಿಂಭಾಗದಲ್ಲೂ ಹುಡುಕಿದರು. ಅಲ್ಲಿ ಕಂಡದ್ದು ಹಳೇ ಕ್ಯಾಲೆಂಡರಿನ ಜೂನ್ ತಿಂಗಳು. ಒಲೆಯ ಪಕ್ಕ ಒಂದು ಬಾಲವಾದರೂ ಬಿಡಿಸಿ ಕಳಿಸಿ. ಎಣ್ಣೆ ಬಳಪ ತರಲು ಶನಿವಾರ ವಿರಾಜಪೇಟೆಗೆ ಹೋಗುತ್ತೇನೆ. ನೇರಳೆ ಎರಡು ತರಲಾ, ಮೂರು ತರಲಾ?