ಸಹಾಯ ಬೇಕು: ಹಳೆ ಜೀಪಿನಲ್ಲಿ ಆರ್‌ಪಿಎಂ ಮುಳ್ಳು ನಿಲ್ಲುತ್ತಿಲ್ಲ

ಎಲ್ಲರಿಗೂ ಶರಣು. ಕಲಬುರಗಿಯಿಂದ ಬರೀತಿದ್ದೇನೆ. ಅಪ್ಪನ ಹಳೆ ಪೆಟ್ರೋಲ್ ಜೀಪಿಗೆ ನಾನೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸುವ) ಮೀಟರ್ ಮಾಡಿದ್ದೇನೆ. ಇಗ್ನಿಷನ್ ಕಾಯಿಲಿನ (ಸ್ಪಾರ್ಕಿಗೆ ವೋಲ್ಟೇಜ್ ಏರಿಸುವ ಸುರುಳಿ) ಮೈನಸ್‌ನಿಂದ ಸಿಗ್ನಲ್ ತಗೊಂಡು, ರೆಸಿಸ್ಟರ್, ಝೀನರ್ (ವೋಲ್ಟೇಜ್ ಮಿತಿಯಲ್ಲಿಡುವ ಡಯೋಡ್) ದಾಟಿಸಿ, ಫ್ರೀಕ್ವೆನ್ಸಿಯನ್ನು ವೋಲ್ಟೇಜ್ ಮಾಡುವ ಎಲ್‌ಎಂ2917 ಐಸಿಗೆ ಕೊಟ್ಟಿದ್ದೇನೆ. ನಾಲ್ಕು ಸಿಲಿಂಡರ್, ಎಂಜಿನ್ನಿನ ಒಂದು ಸುತ್ತಿಗೆ ಎರಡು ಸ್ಪಾರ್ಕ್. ಅಂದರೆ 1500 ಆರ್‌ಪಿಎಂಗೆ 50 ಹರ್ಟ್ಸ್, ಅಲ್ವಾ? ಮನೆಯಲ್ಲಿ 9 ವೋಲ್ಟ್ ಟ್ರಾನ್ಸ್‌ಫಾರ್ಮರಿನಿಂದ ಕರೆಂಟಿನ 50 ಹರ್ಟ್ಸ್ ಕೊಟ್ಟು ನೋಡಿದೆ, ಮುಳ್ಳು 1500ಕ್ಕೆ ಗಪ್‌ಚಿಪ್ ನಿಂತಿತು. ಜೀಪಿಗೆ ಹಾಕಿದರೆ ಮಾತ್ರ ಐಡಲಿಂಗ್‌ನಲ್ಲೇ 2000 ದಾಟಿ ಕುಣಿಯುತ್ತದೆ.

ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್) ಬಿಚ್ಚಿದಾಗ ಕಾಯಿಲಿನಲ್ಲಿ 200-300 ವೋಲ್ಟ್ ಜಿಗಿದು ನಡುಗುತ್ತದಲ್ಲ, ಅದರಿಂದ ಒಂದೇ ಸ್ಪಾರ್ಕನ್ನು ಎರಡೆರಡು ಸಲ ಎಣಿಸುತ್ತಿದೆ ಅಂತ ನನ್ನ ಗುಮಾನಿ. ಫಿಲ್ಟರ್ ಕೆಪಾಸಿಟರ್ ಜಾಸ್ತಿ ಮಾಡಲಾ, ಇಲ್ಲಾ ಐಸಿಗಿಂತ ಮೊದಲು 555 ಮೊನೊಸ್ಟೇಬಲ್ (ಒಂದು ಸ್ಪಾರ್ಕಿಗೆ ಒಂದೇ ಪಲ್ಸ್ ಕೊಡುವ ಟೈಮರ್) ಹಾಕಲಾ? ಅದರ ಪಲ್ಸ್ 4 ಮಿಲಿಸೆಕೆಂಡ್ ಇದ್ದರೆ ಸಾಕಾಗುತ್ತಾ? ಮಾಡಿ ನೋಡಿದವರು ಹೇಳಿ. ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡೆ ಸಿಗುವ ಪಾರ್ಟ್ ಆದರೆ ಇನ್ನೂ ಒಳ್ಳೇದು.