ಊರಾಗಿರೋ ಅಪ್ಪಗ ಯಾವ ಸಿಮ್ ಹಾಕಿಸ್ಲಿ?

ಕೊಪ್ಪಳ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಕೊಪ್ಪಳದಾಗ ಕೆಲಸಕ್ಕಿದೀನಿ, ಅಪ್ಪ ಅವ್ವ ಯಲಬುರ್ಗಾ ತಾಲೂಕಿನ ಹಳ್ಳ್ಯಾಗ ಅದಾರ. ಅಪ್ಪಂದು ಹಳೇ ಕೀಪ್ಯಾಡ್ ಸೆಟ್, ಟಚ್ ಫೋನ್ ಕೊಡಸ್ತೀನಿ ಅಂದ್ರ ಬ್ಯಾಡ ಅಂತಾನ. ಈಗಿರೋ ಸಿಮ್ಮಿಗೆ ಮನಿಯೊಳಗ ರೇಂಜೇ ಬರಂಗಿಲ್ಲ, ತಲಬಾಗಿಲ ಬಾಜು ಗೂಡಿನ್ಯಾಗ ಇಟ್ರ ಮಾತ್ರ ಎರಡು ಕಡ್ಡಿ ತೋರಸ್ತೈತಿ, ಅದಕ್ಕ ಫೋನ್ ದಿನಾ ಅಲ್ಲೇ ಇರತೈತಿ, ರಿಂಗ್ ಆತಂದ್ರ ಅವ್ವ ಒಲಿ ಮುಂದಿಂದ ಎದ್ದು ಬರೋದ್ರಾಗ ಕಟ್. ಪೋರ್ಟ್ ಮಾಡ್ಸೋಣಂತ ಮಾಡೀನಿ, ಅಂದ್ರ ನಂಬರ್ ಅದ ಇಟಗೊಂಡು ಕಂಪನಿ ಬದಲ್ಸೋದು. ಕರೆನ್ಸಿ ಹಾಕೋದೂ ನಾನ, ಅದೂ ನೆಟ್ ಇರೋ 28 ದಿನದ ಪ್ಯಾಕು, ಅಪ್ಪ ನೆಟ್ ಮುಟ್ಟಂಗೇ ಇಲ್ಲ. ಮಾತಾಡಾಕ, ಬ್ಯಾಂಕಿನ ಓಟಿಪಿ ಬರಾಕ ಇಷ್ಟ ಸಾಕು. ಯಾವ್ದು ಚಲೋ ಐತಿ?

ಗಂಗಾವತಿ ಮಂದಿ:
ಮೊದ್ಲ ಸೆಟ್ ಎಂಥದ್ದು ನೋಡ್ರಿ. 2ಜಿ ಸೆಟ್ ಆಗಿದ್ರ ಜಿಯೋ ಬಿಟ್ಟಬಿಡ್ರಿ, ಅವ್ರದು 2ಜಿ ನೆಟ್‌ವರ್ಕೇ ಇಲ್ಲ, 4ಜಿ ಕೀಪ್ಯಾಡ್ ಬೇಕಾಕ್ಕತಿ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಮೂರೂ 2ಜಿ ಸೆಟ್ಟಿನ್ಯಾಗ ನಡೀತಾವ.

ರಾಯಚೂರು ಬಿಸಿಲು:
ಯಾವ ಕಂಪನಿ ಚಲೋ ಅಂತ ಇಲ್ಲಿ ಕೇಳಿದ್ರ ಹತ್ತು ಮಂದಿ ಹತ್ತು ಹೇಳ್ತಾರ್ರಿ, ನಮ್ಮ ಓಣ್ಯಾಗ ಬರೋ ಟವರ್ ನಿಮ್ಮ ಹಳ್ಳ್ಯಾಗ ಬರ್ತದಂತ ಏನದ? ಕಂಪನಿಯವ್ರು ವೆಬ್‌ಸೈಟಿನಾಗ ಕವರೇಜ್ ಮ್ಯಾಪ್ ಹಾಕ್ಯಾರ, ಅದನ್ನೂ ಒಮ್ಮೆ ನೋಡ್ರಿ, ಆದ್ರ ಕಲ್ಲಿನ ಗ್ವಾಡಿ, ಮಣ್ಣಿನ ಮಾಳಿಗಿ ಒಳಗ ಎಷ್ಟು ಬರ್ತದಂತ ಮ್ಯಾಪಿಗೆ ಏನ್ ಗೊತ್ತು. ಊರಿಗೆ ಹೋದಾಗ ಬಾಜು ಮನಿಯವ್ರ ಸಿಮ್ ಐದು ನಿಮಿಷ ಇಸ್ಕೊಂಡು ಅಪ್ಪನ ಸೆಟ್ಟಿಗೇ ಹಾಕಿ ನೋಡ್ರಿ. ಅವ್ರ ಟಚ್ ಫೋನಿನಾಗ ಕಡ್ಡಿ ತುಂಬ ಅದ ಅಂತ ನಂಬಬ್ಯಾಡ್ರಿ, ಅದು 4ಜಿ ಕಡ್ಡಿ, ನಿಮ್ಮಪ್ಪನ ಸೆಟ್ ಹಿಡಿಯೋದು 2ಜಿ, ಎರಡಕ್ಕೂ ಸಂಬಂಧ ಇಲ್ಲ. ಹೊಸಾ ಸಿಮ್ ಸಣ್ಣದಿರ್ತದ, ಹಳೇ ಸೆಟ್ಟಿನ ಖಾನ್ಯಾಗ ಕೂಡಲ್ಲ, ಮೊಬೈಲ್ ಅಂಗಡ್ಯಾಗ ಪ್ಲಾಸ್ಟಿಕ್ ಅಡಾಪ್ಟರ್ ಸಿಗ್ತದ, ತೊಗೊಂಡ ಹೋಗ್ರಿ. ಪಡಸಾಲ್ಯಾಗ, ಅಡಿಗಿಮನ್ಯಾಗ ನಿಂತು ಫೋನ್ ಹಚ್ಚಿ ಮಾತಾಡಿ ನೋಡ್ರಿ, ಬರೇ ಕಡ್ಡಿ ಎಣಿಸಬ್ಯಾಡ್ರಿ.

ಸಿರುಗುಪ್ಪ ಅಣ್ಣ:
ಮೇಲಿನವ್ರು ಹೇಳಿದ್ದು ಕರೆಕ್ಟ್. ಪ್ಯಾಕಿನ ವಿಷ್ಯಕ್ಕೆ ಬಂದ್ರೆ 28 ದಿನದ್ದು ಬಿಟ್ಟಾಕಿ, ತಿಂಗಳಿಗೊಂದು ಅನ್ಸುತ್ತೆ ಆದ್ರೆ ವರ್ಷಕ್ಕೆ 13 ಸಲ ಹಾಕ್ಸಬೇಕಾಗುತ್ತೆ. ಮೊಬೈಲ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಡಿಸೆಂಬರಲ್ಲಿ ರೂಲ್ ಮಾಡಿದ್ಮೇಲೆ ನೆಟ್ ಇಲ್ದೇ ಬರೀ ಕಾಲ್, ಎಸ್ಸೆಮ್ಮೆಸ್ ಇರೋ ಪ್ಯಾಕ್ ಬಂದಾವೆ. 2025ರ ಜನವರೀಲಿ ಏರ್‌ಟೆಲ್‌ದು 84 ದಿನಕ್ಕೆ 469, 365 ದಿನಕ್ಕೆ 1849 ಇತ್ತು, ಅಂದ್ರೆ ತಿಂಗಳಿಗೆ ನೂರೈವತ್ತು ಚಿಲ್ಲರೆ ಬಿತ್ತು. ಈಗಿನ ರೇಟ್ ಅಂಗಡೀಲಿ ಕೇಳ್ಕೊಳ್ಳಿ, ಅಂಗಡಿಯವ್ನು ತಾನಾಗೇ ಹೇಳಲ್ಲ, ನೆಟ್ ಪ್ಯಾಕೇ ತೋರಿಸ್ತಾನೆ, ನೆಟ್ ಇಲ್ದಿರೋದು ಕೊಡಪ್ಪ ಅಂತ ನೀವೇ ಕೇಳ್ಬೇಕು. ಒಮ್ಮೆಲೆ ವರ್ಷದ್ದು ಹಾಕ್ಸಬೇಡಿ, ಮೊದ್ಲು 84 ದಿನ ನೋಡಿ.
ಪೋರ್ಟಿಗೆ ಅಪ್ಪನ ಫೋನಿಂದ ಇಂಗ್ಲಿಷಲ್ಲಿ ಪೋರ್ಟ್ ಅಂತ ಬರ್ದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳ್ಸಿ, ಕೋಡ್ ಬರುತ್ತೆ, 4 ದಿನದೊಳಗೆ ಅಂಗಡಿಗೆ ಹೋಗ್ಬೇಕು. ಈಗಿನ ಕಂಪನೀಲಿ 90 ದಿನ ಆಗಿರ್ಬೇಕು. ಹಳೇ ಪ್ಯಾಕಿನ ದಿನ ಹೊಸ ಕಂಪನಿಗೆ ಬರಲ್ಲ, ಮುಗಿಯೋಕೆ ಬಂದಾಗ ಮಾಡ್ಸಿ.

ಕೊಪ್ಪಳ ಹುಡುಗ:
ಭಾಳ ಉಪಕಾರ ಆತ್ರಿ. ಅಮಾಸಿಗೆ ಊರಿಗೆ ಹೊಂಟೀನಿ, ಸಿಮ್ ಹಾಕೇ ನೋಡ್ತೀನಿ. ಇನ್ನೊಂದೈತ್ರಿ, ಆ ಸಿಮ್ ತೊಗೊಂಡಾಗ ಕಾಕಾನ ಆಧಾರ್ ಕೊಟ್ಟಿದ್ರಂತ, ಈಗ ಅಪ್ಪ ಹೋಗಿ ಹೆಬ್ಬೆಟ್ಟು ಒತ್ತಿದ್ರ ನಡೀತೈತೇನು?

ಸಿರುಗುಪ್ಪ ಅಣ್ಣ:
ನಡೆಯಲ್ಲ. ಪೋರ್ಟಲ್ಲಿ ಹೆಸರು ಬದ್ಲಾಗಲ್ಲ, ಯಾರ ಹೆಸ್ರಲ್ಲೈತೋ ಅವ್ರೇ ಬರಬೇಕು. ಒಂದೋ ಕಾಕಾನ್ನ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಮೊದ್ಲು ಈಗಿರೋ ಕಂಪನೀಲೇ ಅಪ್ಪನ ಹೆಸರಿಗೆ ಮಾಡ್ಸಿ, ಬ್ಯಾಂಕಿಗೆ ಕೊಟ್ಟಿರೋ ನಂಬರ್ ಅಂದ್ರೆ ನಾನಾದ್ರೆ ಎರಡ್ನೇದೇ ಮಾಡ್ತೀನಿ.

ಗಂಗಾವತಿ ಮಂದಿ:
ಕಾಕಾ ಅಪ್ಪ ಮಾತಾಡ್ತಾರಲ್ಲ ಸದ್ಯ? 😄