ರೆಜಿಮೆಂಟ್ ಬೇರೆ, ಬಟಾಲಿಯನ್ ಬೇರೆ ಏನ್ರಿ?

ಹುಕ್ಕೇರಿ ಅಕ್ಕ:
ನನ್ನ ತಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್‌ನ್ಯಾಗ ಟ್ರೇನಿಂಗ್ ಮುಗಿಸಿ ಬಟಾಲಿಯನ್‌ಗೆ ಹೋದ. ರೆಜಿಮೆಂಟ್ ಒಂದೇ ಅಂದಮ್ಯಾಲ ಎಲ್ಲಾರೂ ಒಂದೇ ಕಡೆ ಇರೂದಿಲ್ಲೇನ್ರಿ? ಅವ್ವ ದಿನಾ ಕೇಳ್ತಾಳ.

ನಿವೃತ್ತ ಹವಾಲ್ದಾರ:
ಇಲ್ಲ ತಂಗಿ. ಪದಾತಿದಳದಾಗ ರೆಜಿಮೆಂಟ್ ಅಂದ್ರ ಮನೆತನ, ಬಟಾಲಿಯನ್ ಅಂದ್ರ ಅದರಾಗಿನ ಒಂದು ಸಂಸಾರ. ಒಂದು ಹಿಮದಾಗ, ಇನ್ನೊಂದು ರಾಜಸ್ಥಾನದ ಮರಳಿನ್ಯಾಗ ಇರಬಹುದು. ಸುಮಾರು 10 ಮಂದಿಗೆ ಸೆಕ್ಷನ್, ಮೂರು ಸೆಕ್ಷನ್‌ಗೆ ಪ್ಲಟೂನ್, ಮೂರು ಪ್ಲಟೂನ್‌ಗೆ ಕಂಪನಿ. ನಾಲ್ಕು ರೈಫಲ್ ಕಂಪನಿ, ಸಪೋರ್ಟ್ ಕಂಪನಿ ಎಲ್ಲಾ ಕೂಡಿ ಬಟಾಲಿಯನ್‌ನ್ಯಾಗ ಸುಮಾರು 800 ಮಂದಿ, ಮ್ಯಾಲೆ ಕರ್ನಲ್ ಸಾಹೇಬ್ರು. ಮೂರು ಬಟಾಲಿಯನ್ ಕೂಡಿದ್ರ ಬ್ರಿಗೇಡ್. ಅಲ್ಲಿ ಬ್ಯಾರೆ ರೆಜಿಮೆಂಟಿನವರೂ ಇರ್ತಾರ.

ನಾನು ಸಪೋರ್ಟ್ ಕಂಪನಿಯ 81 ಎಂಎಂ ಮಾರ್ಟರ್ ತಂಡದಾಗ ಇದ್ದೆ. ಮಾರ್ಟರ್ ಅಂದ್ರ ಗುಂಡನ್ನ ಮ್ಯಾಲಕ್ಕ ಹಾರಿಸೂ ಸಣ್ಣ ತೋಪು. ನಳಿಗೆ, ಎರಡು ಕಾಲಿನ ಸ್ಟ್ಯಾಂಡ್, ಬೇಸ್ ಪ್ಲೇಟ್ ಅಂತ ಮೂರು ಭಾಗ ಬಿಚ್ಚಿ ಹೊರಬೇಕು. ನನ್ನ ಪಾಲಿಗೆ ಪ್ಲೇಟ್. ಏರು ಹತ್ತೂ ಮುಂದ ಅದರ ಅಂಚು ಬೆನ್ನು ಕೊರೀತಿತ್ತು. ಆದ್ರ ಗುಂಡು ಹಾರಿದಾಗ ಒದೆತ ಎಲ್ಲಾ ನುಂಗೂದು ಅದೇ. ಮೆತ್ತನ್ನ ಮಣ್ಣಿನ್ಯಾಗ ಅದು ವಾರೆ ಕುಂತ್ರ ಗುರಿ ತಪ್ಪತದ.

ಹುಕ್ಕೇರಿ ಅಕ್ಕ:
ಟ್ರೇನಿಂಗ್ ಫೋಟೋದಾಗ ಬಂದೂಕಿನ ಮ್ಯಾಗಜಿನ್ ಒಳಗಿನ ಗುಂಡು ಕಾಣ್ತಿದ್ವು ಅಣ್ಣಾರ.

ನಿವೃತ್ತ ಹವಾಲ್ದಾರ:
ಅದು ಇನ್ಸಾಸ್, 5.56 ಎಂಎಂ. 20 ಗುಂಡಿನ ಪ್ಲಾಸ್ಟಿಕ್ ಮ್ಯಾಗಜಿನ್. ಎಷ್ಟು ಉಳದಾವ ಅಂತ ಕಣ್ಣಿಗೇ ಕಾಣ್ತದ. ಆ ಫೋಟೋ ಇಲ್ಲಿ ಹಾಕಬ್ಯಾಡ ತಂಗಿ. ಪತ್ರ ಬರದ್ರ ಊರ ಹೆಸರು ಬ್ಯಾಡ. ಅವನ ನಂಬರ್, ಹೆಸರು, ಯೂನಿಟ್, ಅವ ಹೇಳಿದ ಎಪಿಒ (ಸೇನೆಯ ಅಂಚೆ ಕಚೇರಿ) ನಂಬರ್ ಸಾಕು.